ಕಡಲಿಗೆ ಗೋಡೆಯಿಲ್ಲ ಎಂದವರು

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಬಂದರಿನ ಹಿಂದಿನ ತಗಡಿನ ಶೆಡ್ಡಿನಲ್ಲಿ ಅಲೆಯಕ್ಕ ಚಪ್ಪಲಿ ಬಿಟ್ಟು, ಉದ್ದನೆಯ ನೀರಿನ ತೊಟ್ಟಿಯ ಪಕ್ಕ ಉಸಿರು ಬಿಗಿಹಿಡಿದು ಕೂತಿದ್ದಾರೆ. ನೀರಿನ ಅಲುಗಾಟ ಪೂರ್ತಿ ನಿಲ್ಲದೆ ಪರೀಕ್ಷೆ ಶುರುಮಾಡುವಂತಿಲ್ಲ. "ಮಗು ಮಲಗಿಸಿದ ಹಾಗೇ ಇದು. ಇನ್ನೇನು ನಿದ್ದೆ ಬಂತು ಅನ್ನುವಾಗ ಯಾರಾದ್ರೂ ಬಾಗಿಲು ಬಡೀತಾರೆ," ಎಂದು ಪಿಸುಗುಡುತ್ತಾರೆ.

ಅಲೆಗಳನ್ನು ಗಣಿತದ ಸಮೀಕರಣಗಳಲ್ಲಿ ಹಿಡಿದು, ಅವುಗಳ ಮೇಲೆ ತೇಲುವ ಯಂತ್ರದಿಂದ ಎಷ್ಟು ಕರೆಂಟ್ ಹುಟ್ಟುತ್ತದೆಂದು ಮೊದಲೇ ಹೇಳುವುದು ಅಕ್ಕನ ಕೆಲಸ. ಯಂತ್ರದ ಫೋಟೋ ಎಲ್ಲರೂ ತೆಗೆಯುತ್ತಾರೆ, ಲೆಕ್ಕ ಹಾಕಿದವರನ್ನು ಯಾರು ಕೇಳುತ್ತಾರೆ ಹೇಳಿ? ಮನೆಯಲ್ಲಂತೂ ಅತ್ತೆಯ ಕೀಟಲೆ ತಪ್ಪಿದ್ದಲ್ಲ. "ಸಮುದ್ರಕ್ಕೇ ಮಗ್ಗಿ ಹೇಳಿಕೊಡ್ತಾಳೆ ನನ್ನ ಸೊಸೆ. ಒಲೆ ಮೇಲಿನ ಹಾಲು ಉಕ್ಕಿದ್ದು ಮಾತ್ರ ಗೊತ್ತಾಗಲ್ಲ!"

ಮೂರು ವರ್ಷದ ಹಿಂದೆಯೇ ಯಂತ್ರ ಕಡಲಿಗಿಳಿಯಬೇಕಿತ್ತು. ತೊಟ್ಟಿಯಲ್ಲಿ ಅಲೆ ಎಬ್ಬಿಸಿ, ಯಂತ್ರದ ಪುಟ್ಟ ಮಾದರಿಯನ್ನು ತೇಲಿಸಿ ಮಾಡಿದ ಪರೀಕ್ಷೆಗೂ ಅಕ್ಕನ ಲೆಕ್ಕಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಅಷ್ಟು ಚೆನ್ನಾಗಿ ಹೊಂದಿದ್ದೇ ಅಕ್ಕನಿಗೆ ಅನುಮಾನ ತಂದಿತು. ನೋಡಿದರೆ, ತೊಟ್ಟಿಯ ತುದಿಯ ಗೋಡೆಗೆ ಬಡಿದು ವಾಪಸಾಗುವ ಅಲೆಯೂ ಆ ಮಾದರಿಯನ್ನು ಎತ್ತುತ್ತಿತ್ತು. ಅದಕ್ಕೇ ಹೊಂದುವ ಹಾಗೆ ಅಕ್ಕ ಸಮೀಕರಣವನ್ನು ತಿದ್ದಿಕೊಂಡಿದ್ದರು. "ಕಡಲಿಗೆಲ್ಲಿದೆ ಗೋಡೆ?" ಎನ್ನುತ್ತಾರೆ. ನಿಜವಾಗಿ ಸಿಗುವ ಕರೆಂಟ್, ಹೇಳಿದ್ದರ ಅರ್ಧ ಮಾತ್ರ.

ಅಕ್ಕ ತಾವೇ ಮೇಲಧಿಕಾರಿಗಳ ಬಳಿ ಹೋಗಿ ತಪ್ಪು ಒಪ್ಪಿಕೊಂಡರು. ಕೆಲಸ ನಿಂತಿತು. ಯಂತ್ರಕ್ಕೆ ಬೆಸುಗೆ ಹಾಕಿದ ಫಿಟ್ಟರಣ್ಣ ಮುಖ ತಿರುಗಿಸಿಕೊಂಡು ಓಡಾಡತೊಡಗಿದ. "ಬೈದಿದ್ರೂ ತಡ್ಕೋತಿದ್ದೆ. ಮಾತೇ ಬಿಟ್ಟುಬಿಟ್ಟ ನೋಡಿ," ಎನ್ನುತ್ತಾರೆ ಅಕ್ಕ. ತೊಟ್ಟಿಯ ತುದಿಗೆ ಅಲೆ ಅಲ್ಲೇ ಅಡಗುವಂತೆ ಇಳಿಜಾರು ಕಟ್ಟಿಸಿ, ಅಕ್ಕ ಲೆಕ್ಕವನ್ನು ಮೊದಲಿಂದ ಹಾಕಿದರು. ಯಂತ್ರ ಕಡಲಿಗೆ ಇಳಿಯುವುದು ಇವತ್ತು. ಈ ಲೆಕ್ಕವೂ ತಪ್ಪಿದರೆ ಶೆಡ್ಡಿಗೆ ಬೀಗ ಎಂದು ಮೇಲಿನವರು ಹೇಳಿಬಿಟ್ಟಿದ್ದಾರೆ.

ಮುಂಜಾನೆಯ ಕೊನೆಯ ಪರೀಕ್ಷೆ ಮುಗಿಯುತ್ತದೆ. ಯಂತ್ರವನ್ನು ಎಳೆದುಕೊಂಡು ದೋಣಿ ಹೊರಡುತ್ತದೆ. ಅಕ್ಕ ಶೆಡ್ಡಿನ ಮೆಟ್ಟಿಲ ಮೇಲೆ ಫೋನ್ ಹಿಡಿದು ಕೂತವರು, ತಂದಿಟ್ಟ ಚಹಾ ಆರಿಹೋದರೂ ಮುಟ್ಟಿಲ್ಲ. ಹೊತ್ತು ನೆತ್ತಿಗೇರಿದಾಗ ಫೋನ್ ಬಡಿದುಕೊಳ್ಳುತ್ತದೆ. ಆ ಕಡೆ, ದೋಣಿಯಿಂದ ಫಿಟ್ಟರಣ್ಣ!

"ಅಕ್ಕಾ, ಮೀಟರ್ ನೋಡ್ತಾ ಇದೀನಿ. ನೀವು ಹೇಳಿದಷ್ಟೇ ಬರ್ತಿದೆ. ಒಂದು ಚೂರೂ ಜಾಸ್ತಿ ಇಲ್ಲ ಕಣಕ್ಕಾ!"

ಅಕ್ಕ ನಗುತ್ತಾರೆ, ಅಂಗೈಯಲ್ಲಿ ಕಣ್ಣೊರೆಸಿಕೊಳ್ಳುತ್ತಾರೆ. "ಮೊದಲು ಹೇಳಿದ್ದಕ್ಕಿಂತ ಕಡಿಮೇನೇ, ಇಲ್ಲ ಅನ್ನಲ್ಲ. ಬಂದರಿನ ನಾಲ್ಕು ದೀಪ ಉರಿದ್ರೆ ಸಾಕು ನನಗೆ. ಅಷ್ಟು ದೊಡ್ಡ ಕಡಲು ನನ್ನ ಮಾತು ತೆಗೆದುಹಾಕಲಿಲ್ಲವಲ್ಲ!"