ಚನ್ನಬಸವ್ವನ ಮಣ್ಣಿನ ಮನೆ

ಚನ್ನಬಸವ್ವ ಬಡಿಸಲು ನಿಂತರೆ ಪಾರಾಗಿ ಎದ್ದವರು ಪುಣೆಯ ಬಿಬವೇವಾಡಿಯಲ್ಲಿ ಯಾರೂ ಇಲ್ಲ. ಹೊಟ್ಟೆ ತುಂಬಿತು ಎಂದರೆ ಆಕೆ ನಂಬುವುದಿಲ್ಲ. "ಬ್ಯಾಡ್ರಿ, ಸಾಕ್ರಿ" ಎಂದರೆ ಪಾಪ, ಸಂಕೋಚದ ಪ್ರಾಣಿ ಎಂದು ಇನ್ನೊಂದು ಹೋಳಿಗೆ ಹಾಕುತ್ತಾಳೆ. ತಟ್ಟೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು ಬಾಗಿ ಕುಳಿತರೂ ಬಿಡುವವಳಲ್ಲ. ಬೆರಳ ಸಂದಿಯಲ್ಲೇ ತುಪ್ಪ ಸುರಿದು "ಇದೊಂದು ನನ್ನ ಮಾತಿಗೆ" ಎನ್ನುತ್ತಾಳೆ. ಸುರಿದ ಮೇಲೆ ಕಥೆ ಮುಗಿಯಿತು. ಬಡಿಸಿದ್ದು ಪ್ರಸಾದ, ಅದನ್ನು ತಟ್ಟೆಯಲ್ಲಿ ಬಿಟ್ಟು ಏಳುವ ಪದ್ಧತಿ ಅವರ ಮನೆಯಲ್ಲಿಲ್ಲ. ಒಂದು ಸಲ ಬ್ಯಾಡ ಅಂದ ಕೂಡಲೇ ಪಾತ್ರೆ ಹಿಂದಕ್ಕೆ ತೆಗೆದುಕೊಳ್ಳುವವರು ಉಣ್ಣಿಸುವ ಮನಸ್ಸಿಲ್ಲದವರು ಎಂದು ಮಗ ಬಸವಪ್ರಭುವಿಗೆ ಚಿಕ್ಕಂದಿನಿಂದ ಹೇಳಿಕೊಟ್ಟಿದ್ದಾಳೆ. ಹುಡುಗ ಚೆನ್ನಾಗಿಯೇ ಕಲಿತ.

ಆಕೆಯ ಗಂಡ ನಿಜಲಿಂಗಪ್ಪನದು ಮಾರ್ಕೆಟ್ ಯಾರ್ಡಿನಲ್ಲಿ ಜೋಳ, ಶೇಂಗಾದ ಅಂಗಡಿ. ಮದುವೆಯಾದ ಹೊಸದರಲ್ಲಿ ಅವನು ಒಬ್ಬನೇ ಪುಣೆಯಲ್ಲಿದ್ದ. ಚನ್ನಬಸವ್ವ ಸಿಂದಗಿ ಕಡೆಯ ಹಳ್ಳಿಯಲ್ಲಿ ಅತ್ತೆಯ ಕೈಕೆಳಗೆ ಇದ್ದಳು. ಎಷ್ಟೋ ವರ್ಷಗಳ ಮೇಲೆ ಮಗನನ್ನು ಶಾಲೆಗೆ ಹಾಕುವ ನೆಪದಲ್ಲಿ ಅವನು ಅವರಿಬ್ಬರನ್ನೂ ಕರೆಸಿಕೊಂಡ. ಬಂದ ಮರುದಿನ ಸಂಜೆ ಮನೆಯಲ್ಲಿ ಕೊತ್ತಂಬರಿ ಇರಲಿಲ್ಲ. ಆಕೆ ಬಾಗಿಲಿಗೆ ಕೀಲಿ ಹಾಕಿ, ಮಗನ ಕೈ ಹಿಡಿದು ಮೂರನೆಯ ಮಹಡಿಯಿಂದ ಇಳಿದು, ಬೀದಿ ತುದಿಯ ಸಂತೆಗೆ ಹೋಗಿ ಒಂದು ಸೂಡು ಕೊತ್ತಂಬರಿ ತಂದಳು. ಎಲ್ಲಿಗೆ ಹೋಗಿದ್ದಿ, ಯಾಕೆ ಹೋಗಿದ್ದಿ, ಯಾರನ್ನು ಕೇಳಿ ಹೋದಿ ಎಂದು ಯಾರೂ ಕೇಳಲಿಲ್ಲ. ಮೆಟ್ಟಿಲು ಹತ್ತುತ್ತಾ ಆಕೆಗೆ ಅಳು ಬಂತು. ಸಂತೋಷಕ್ಕೂ ಅಳು ಬರುತ್ತದೆಂದು ಗೊತ್ತಾದದ್ದು ಅವತ್ತೇ.

ಅಂದಿನಿಂದ ಸಂಜೆಯಾದರೆ ಸೆರಗಿನ ತುದಿಗೆ ಕೀಲಿ ಕಟ್ಟಿಕೊಂಡು ಹೊರಟಳೆಂದರೆ ಹೊರಟಳೇ. ವಿಜಾಪುರದ ರಾಗದ ಮರಾಠಿಯಲ್ಲಿ ಬದನೆಕಾಯಿಯವನನ್ನು ಬೈಯುವುದು, ಮೆಂತ್ಯದವಳ ಮಗಳಿಗೆ ಗಂಡು ಹುಡುಕುವುದು, ಆಮೇಲೆ ರವಿಕೆ ಹೊಲಿಯುವ ರೇಣುವಿನ ಅಂಗಡಿಯಲ್ಲಿ ಕುಳಿತು ಅರ್ಧ ಕಪ್ ಚಹ ಕುಡಿದು ಊರ ಮೇಲಿನ ಸುದ್ದಿಯೆಲ್ಲ ಆಡುವುದು. ತರಕಾರಿ ಬೇಡವಾದ ದಿನವೂ ಹೋಗುತ್ತಿದ್ದಳು. ಮಗ ದೊಡ್ಡವನಾಗಿ, ಮದುವೆಯಾಗಿ, ಮನೆಗೆ ಬಂದ ಸೊಸೆ ಮಾಧುರಿ ಎಲ್ಲಿಗೆಂದು ಕೇಳಿದರೆ "ಇಲ್ಲೇ, ಹೋಗಿ ಬರ್ತೀನಿ" ಎಂದಷ್ಟೇ ಉತ್ತರ. ಆ ಎರಡು ಮಾತು ಹೇಳುವಾಗಿನ ಆಕೆಯ ಗತ್ತು ನೋಡಬೇಕು!

ಹೊಸ ಮನೆಯ ಮಾತು ಎದ್ದದ್ದು ಬಸವಪ್ರಭುವಿನ ಬೆನ್ನಿನಿಂದ. ಅವನ ಕೆಲಸ ಊರಾಚೆ ದೂರದ ರಾಂಜಣಗಾಂವದ ಕಾರ್ಖಾನೆಯಲ್ಲಿ. ಬೆಳಗಾಗುವ ಮೊದಲೇ ಕಂಪನಿಯ ಬಸ್ಸು ಹಿಡಿದು, ಕತ್ತಲಾದ ಮೇಲೆ ಸೊಂಟ ಹಿಡಿದುಕೊಂಡು ಬರುತ್ತಿದ್ದ. ಆ ಕಡೆಯೇ ಹೆದ್ದಾರಿಯಿಂದ ಒಳಗೆ ಒಂದು ಜಾಗ ಕೊಂಡರು. ಮಾಧುರಿ ಪರಿಸರದ ವಿಷಯದಲ್ಲಿ ಬಹಳ ಓದಿಕೊಂಡವಳು. ಕಟ್ಟುವುದಾದರೆ ಸಿಮೆಂಟು ಕಡಿಮೆ, ಎ.ಸಿ. ಇಲ್ಲದೆ ತಂಪಿರುವ, ಮಳೆನೀರು ಹಿಡಿದಿಡುವ ಮನೆಯನ್ನೇ ಕಟ್ಟಬೇಕೆಂದು ಹಟ ಹಿಡಿದು ಅಮೇಯನೆಂಬ ಆರ್ಕಿಟೆಕ್ಟನನ್ನು ಹುಡುಕಿದಳು. ಚನ್ನಬಸವ್ವನಿಗೂ ಖುಷಿಯೇ ಆಯಿತು. ಮಗ ಸೊಸೆ ಅಲ್ಲಿರಲಿ, ಹಬ್ಬಕ್ಕೆ ಹೋಗಿ ಬಂದರಾಯಿತು, ತಾವಿಬ್ಬರು ಇಲ್ಲೇ ಇರುತ್ತೇವೆ ಎಂದು ತನ್ನಷ್ಟಕ್ಕೆ ತಾನೇ ತಿಳಿದುಕೊಂಡಳು. ಹಾಗಲ್ಲ ಎಂದು ಯಾರೂ ಹೇಳಲಿಲ್ಲ. ಕೇಳದೆ ಇದ್ದದ್ದನ್ನು ಯಾರು ಹೇಳುತ್ತಾರೆ?

ಅಮೇಯ ಮೊದಲ ಸಲ ಬಂದದ್ದು ಒಂದು ರವಿವಾರದ ಮಧ್ಯಾಹ್ನ. ಒಳ್ಳೆಯ ಹುಡುಗ. ಚಪ್ಪಲಿ ಹೊರಗೇ ಬಿಟ್ಟು, ದೊಡ್ಡವರ ಕಾಲಿಗೆ ನಮಸ್ಕರಿಸಿ, ನೆಲದ ಮೇಲೆ ಎಲ್ಲರ ಜೊತೆ ಉಣ್ಣಲು ಕುಳಿತ. ಎಣ್ಣೆಗಾಯಿ, ರೊಟ್ಟಿ, ಶೇಂಗಾದ ಹಿಂಡಿ. "ನಕೋ ಕಾಕೂ, ನಕೋ", ಬೇಡ ಚಿಕ್ಕಮ್ಮ ಬೇಡ, ಎಂದು ಮರಾಠಿಯಲ್ಲಿ ಎಷ್ಟು ಬೇಡಿಕೊಂಡರೂ ಆಕೆ ಬಿಡಲಿಲ್ಲ. ಕೊನೆಗೆ ಗೋಡೆಗೆ ಒರಗಿ ಉಸಿರು ಬಿಡುತ್ತಾ ಅವನು ಒಬ್ಬೊಬ್ಬರಿಗೂ ಏನು ಬೇಕೆಂದು ಕೇಳಿದ. ನಿಜಲಿಂಗಪ್ಪನಿಗೆ ತೂಗುಮಂಚ. ಬಸವಪ್ರಭುವಿಗೆ ಬಿಸಿಲಿನ ವಿದ್ಯುತ್ತು. ಮಾಧುರಿಗೆ ಬೆಳಕು, ಗಾಳಿ, ಓದುವ ಮೂಲೆ. ಚನ್ನಬಸವ್ವನನ್ನು ಮಾತ್ರ ಅವನು ಬೇರೆಯೇ ಕೇಳಿದ.

"ಕಾಕೂ, ನಿಮ್ಮ ಊರಿನ ಮನೆ ಹೇಗಿತ್ತು? ಹೇಳಿ."

ಅತಿಥಿ ಕೇಳಿದ್ದಾನೆ, ಅದೂ ಹೊಟ್ಟೆ ತುಂಬ ಉಂಡು ಕೇಳಿದ್ದಾನೆ. ಬಂದವರ ಮುಂದೆ ಯಾರಾದರೂ ಮನೆಯ ಹುಳುಕು ಹೇಳುತ್ತಾರೆಯೇ? ಆಕೆ ಚೆಂದದ್ದನ್ನೆಲ್ಲ ಹೇಳಿದಳು. ಮೊಳಕ್ಕಿಂತ ದಪ್ಪನೆಯ ಮಣ್ಣಿನ ಗೋಡೆ, ಉರಿಬಿಸಿಲಿನಲ್ಲೂ ಒಳಗೆ ತಂಪು. ಮಾಳಿಗೆಯ ಬೆಳಕಿಂಡಿಯಿಂದ ಅಡುಗೆಮನೆಗೆ ಇಳಿಯುವ ಬಿಸಿಲಕೋಲು. ನಟ್ಟನಡುವೆ ಅಂಗಳ, ಸೆಗಣಿ ಸಾರಿಸಿದ ನೆಲ, ಮೂಲೆಯಲ್ಲಿ ಬೀಸುವ ಕಲ್ಲು. ಹೇಳುತ್ತಾ ಹೇಳುತ್ತಾ ಆಕೆಗೇ ರುಚಿ ಹತ್ತಿತು. ಅಮೇಯ ಬರೆದುಕೊಳ್ಳುವುದನ್ನೂ ಮರೆತು ಕೇಳಿದ. "ಅತ್ತೀ, ನಮಗ ಒಂದಿನಾನೂ ಹೇಳಿಲ್ಲಲ್ರಿ ಇದೆಲ್ಲಾ!" ಎಂದಳು ಮಾಧುರಿ.

ಹೇಳದೆ ಉಳಿದದ್ದು ಬೇರೆಯೇ ಇತ್ತು. ಆ ನೆಲವನ್ನು ಮೊಣಕಾಲೂರಿ ಸಾರಿಸಿದವಳು ತಾನೇ. ಮಳೆಗಾಲದಲ್ಲಿ ಮಾಳಿಗೆ ಸೋರಿ ಮಗುವಿನ ತೊಟ್ಟಿಲಿನ ಮೇಲೆ ಮಣ್ಣು ಬಿದ್ದದ್ದು, ಬೀಸಿ ಬೀಸಿ ಅಂಗೈ ಬೊಬ್ಬೆ ಬಂದದ್ದು ಇರಲಿ. ಆ ಅಂಗಳದ ನಾಲ್ಕೂ ಕಡೆ ಗೋಡೆ. ಆಕೆ ಕಂಡ ಆಕಾಶ ಅಷ್ಟೇ. ಬಾವಿಗೆ ಹೋಗುತ್ತೇನೆ, ಗುಡಿಗೆ ಹೋಗುತ್ತೇನೆ ಎಂದರೆ ಅತ್ತೆಯದು ಒಂದೇ ಮಾತು: "ನೀ ಯಾಕ ಹೊರಗ ಹೋಗಬೇಕ? ಎಲ್ಲಾ ಮನ್ಯಾಗ ಅದ." ಅತ್ತೆ ಕೆಟ್ಟವಳಲ್ಲ, ಬೈಯುತ್ತಲೂ ಇರಲಿಲ್ಲ. ಅದಕ್ಕೇ ಎದುರು ಮಾತಾಡುವ ದಾರಿಯೇ ಇರಲಿಲ್ಲ.

ಕೆಲವು ವಾರಗಳ ಮೇಲೆ ಅಮೇಯ ನಕ್ಷೆ ತಂದು ಹರಡಿದ. ಚನ್ನಬಸವ್ವ ಬಗ್ಗಿ ನೋಡಿದಳು. ಅಲ್ಲೇ ಕೆಲಸದ ಜಾಗದಲ್ಲೇ ಒತ್ತಿ ಮಾಡುವ ಮಣ್ಣಿನ ಇಟ್ಟಿಗೆಯ ದಪ್ಪ ಗೋಡೆ. ಬೆಳಕಿಂಡಿ. ನಟ್ಟನಡುವೆ ಅಂಗಳ, ಸಾರಿಸುವ ನೆಲ. ಮೂಲೆಯಲ್ಲಿ ಬೀಸುವ ಕಲ್ಲಿಗೆಂದೇ ಒಂದು ಕಟ್ಟೆ. ಅಂಗಳಕ್ಕೆ ಬಾಗಿಲು ತೆರೆಯುವ ಒಂದು ಕೋಣೆಯ ಮೇಲೆ ಬೆರಳಿಟ್ಟು ಅವನು ಹೇಳಿದ: "ಇದು ಕಾಕೂ ಅವರ ಕೋಣೆ. ಮನೆ ಇಡೀ ಇದರ ಸುತ್ತ ಕಟ್ಟಿದ್ದೇನೆ."

"ನಮಗೂ ಅಲ್ಲೇ ಕೋಣಿ?" ಎಂದು ಆಕೆ ಮಗನನ್ನು ಕೇಳಿದಳು.

"ಮತ್ತೆಲ್ಲವ್ವಾ? ಈ ಫ್ಲ್ಯಾಟಿಗೆ ಗಿರಾಕಿ ನೋಡಾಕ್ಹತ್ತೀನಿ. ನಿನ್ನ ಬಿಟ್ಟು ನಾವು ಇರ್ತೀವೇನು?"

ಅಷ್ಟು ಪ್ರೀತಿಯಿಂದ ಹೇಳಿದ ಮಾತಿಗೆ ಏನು ಅನ್ನುವುದು? "ನನಗ್ಯಾಕ ಇಷ್ಟೆಲ್ಲಾ? ಬ್ಯಾಡಪಾ" ಎಂದಳು ಮೆಲ್ಲಗೆ. ಎಲ್ಲರೂ ನಕ್ಕರು. ಅಮೇಯನಿಗೆ ಅದನ್ನು ಮರಾಠಿಯಲ್ಲಿ ತಿಳಿಸಿ ಹೇಳಿದರು. ಅವನೂ ನಕ್ಕು, ಪೆನ್ಸಿಲ್ ತೆಗೆದು ಆ ಕೋಣೆಯನ್ನು ಇನ್ನೊಂದಿಷ್ಟು ದೊಡ್ಡದು ಮಾಡಿದ.

ಜಾಗ ನೋಡಲು ಕಾರಿನಲ್ಲಿ ಹೋದರು. ಹೆದ್ದಾರಿ ಬಿಟ್ಟು ಎಷ್ಟೋ ಹೊತ್ತು ಕುಲುಕಿದ ಮೇಲೆ ಗಾಳಿ ಬೀಸುವ ಒಂದು ಬಯಲು ಬಂತು. ಒಂದು ಚಹದ ಗೂಡಂಗಡಿಯಿಲ್ಲ, ಬಸ್ಸಿನ ನಿಲುಗಡೆಯಿಲ್ಲ. ಮಾಧುರಿ ಎರಡೂ ಕೈ ಅಗಲಿಸಿ ಉಸಿರು ಎಳೆದುಕೊಂಡಳು. ಚನ್ನಬಸವ್ವ ಬಂದ ದಾರಿಯನ್ನೇ ನೋಡುತ್ತಾ ನಿಂತಳು.

"ಇಲ್ಲಿಂದ ಸಂತಿಗೆ ಹೆಂಗ ಹೋಗೂದು?"

"ನೀ ಯಾಕ ಹೋಗಬೇಕವ್ವಾ?" ಎಂದ ಬಸವಪ್ರಭು. "ಫೋನ್‌ನ್ಯಾಗ ಹೇಳಿದ್ರ ಬಾಗಲಿಗೇ ತಂದು ಕೊಡ್ತಾರ."

"ಹಿತ್ತಲದಾಗ ನೀವಽ ಬೆಳೀರಿ ಅತ್ತೀ, ಕೊತ್ತಂಬರಿ, ಮೆಂತ್ಯೆ" ಎಂದಳು ಮಾಧುರಿ. "ಸಾರ್ಸೂದು ನಮಗೂ ಕಲಸ್ರಿ. ಹೊರಗ ಹೋಗೂ ಜರೂರತ್ತಽ ಇಲ್ಲ. ಎಲ್ಲಾ ಮನ್ಯಾಗ ಇರ್ತದ."

ಚನ್ನಬಸವ್ವ ಸೊಸೆಯ ಮುಖ ನೋಡಿದಳು. ಎಳೆಯ ಮುಖ, ಅತ್ತೆಯ ಮೇಲೆ ಪ್ರಾಣವೇ ಇಟ್ಟ ಹುಡುಗಿ. ಹಳ್ಳಿಯ ಅತ್ತೆಯ ಅದೇ ಮಾತು ಈಗ ಈ ಬಾಯಲ್ಲಿ ಬಂದಿತ್ತು. ಆಕೆ ಹೋಗಿ ಕಾರಿನಲ್ಲಿ ಕುಳಿತಳು.

ಅವತ್ತೇ ಗಂಡನ ಮುಂದೆ ಬಾಯಿ ಬಿಟ್ಟಳು. ಅವನು ಅಂಗಡಿಯಿಂದ ಬಂದು ಕಾಲು ತೊಳೆಯುತ್ತಿದ್ದ.

"ರೀ, ನಾ ಅಲ್ಲಿಗೆ ಒಲ್ಲೆ. ಇಲ್ಲೇ ಇರೂಣ್ರಿ."

"ಆ ಮನಿ ಹಾಂಗಿತ್ತು, ಹೀಂಗಿತ್ತು ಅಂತ ಹಾಡಿ ಹೊಗಳಿದಾಕಿ ನೀನಽ. ಈಗ ಒಲ್ಲೆ ಅಂದ್ರ ಹುಡುಗರ ಮನಸು ಏನಾಗಬೇಕು? ಪ್ರಭೂನ ಬೆನ್ನರ ನೋಡು. ನಾನೂ ಇನ್ನ ಅಂಗಡಿ ಬಿಡಾಂವನಽ."

ಮಗನಿಗೆ ಮನೆ ಬೇಡವೆಂದು ಆಕೆ ಎಲ್ಲಿ ಹೇಳಿದ್ದಳು? ತನಗೆ ಬೇಡ ಎಂದದ್ದು. ಆದರೆ ಆ ಎರಡನ್ನೂ ಬೇರೆ ಮಾಡಿ ಕೇಳುವ ಕಿವಿ ಆ ಮನೆಯಲ್ಲಿರಲಿಲ್ಲ. ರೇಣುವಿನ ಮುಂದೆ ಹೇಳೋಣವೆಂದು ಹೋದರೆ, ಆಕೆ ಹೊಲಿಗೆ ಯಂತ್ರ ನಿಲ್ಲಿಸಿ, "ನಿಮ್ಮಂಥ ಪುಣ್ಯ ಯಾರಿಗೆ ಸಿಗುತ್ತೆ ತಾಯಿ! ಸೊಸೆ ನಿಮಗೋಸ್ಕರ ಮನೆ ಕಟ್ಟಿಸುತ್ತಿದ್ದಾಳೆ" ಎಂದು ಕಣ್ಣಲ್ಲಿ ನೀರು ತಂದುಕೊಂಡಳು. ಚನ್ನಬಸವ್ವ ಚಹ ಕುಡಿದು ಎದ್ದಳು. ಅವತ್ತು ಅಂಗಡಿಗಳ ಮುಂದೆ ಸುಮ್ಮನೆ ಎರಡು ಸುತ್ತು ಹಾಕಿದಳು. ಏನೂ ಕೊಳ್ಳಲಿಲ್ಲ.

ಗುದ್ದಲಿಪೂಜೆಯ ದಿನ ಬಯಲಿನಲ್ಲಿ ಪೆಂಡಾಲು ಹಾಕಿದ್ದರು. ಫ್ಲ್ಯಾಟಿಗೆ ಗಿರಾಕಿ ಗೊತ್ತಾಗಿದ್ದ. ಹೊಸ ಮನೆ ಮುಗಿದ ಕೂಡಲೇ ಅವನಿಗೆ ಕೀಲಿ ಕೊಡುವ ಮಾತಾಗಿತ್ತು. ಚನ್ನಬಸವ್ವನೇ ಮುಂದೆ ನಿಂತು ತೆಂಗಿನಕಾಯಿ ಒಡೆಯಬೇಕೆಂದು ಎಲ್ಲರೂ ಒತ್ತಾಯ ಮಾಡಿದರು. ಒಡೆದಳು. ಆಮೇಲೆ ಹೋಳಿಗೆ ಊಟ. ಇವತ್ತು ಆಕೆ ಬಡಿಸಕೂಡದು, ಕುಳಿತು ಉಣ್ಣಬೇಕೆಂದು ಬಸವಪ್ರಭು ಸೊಂಟಕ್ಕೆ ಟವೆಲ್ಲು ಬಿಗಿದು ತಾನೇ ಬಡಿಸಲು ನಿಂತ. ಎದುರಿಗೆ ಅಮೇಯ, ಪಕ್ಕದಲ್ಲಿ ಅವನೇ ಕೆಮ್ಮಣ್ಣಿನಲ್ಲಿ ಮಾಡಿ ತಂದ ಪುಟ್ಟ ಮನೆ. ಮೇಲಿನಿಂದ ನೋಡಿದರೆ ಅಂಗಳ, ಸುತ್ತ ಗೋಡೆ.

"ನಾಳೆ ಪಾಯ ತೋಡುತ್ತಾರೆ, ಕಾಕೂ" ಎಂದ ಅವನು. "ಏನಾದರೂ ಬದಲಾಯಿಸುವುದಿದ್ದರೆ ಈಗಲೇ ಹೇಳಿಬಿಡಿ. ಆಮೇಲೆ ಆಗುವುದಿಲ್ಲ."

ಎಲ್ಲರೂ ಆಕೆಯ ಕಡೆ ತಿರುಗಿದರು. ಚನ್ನಬಸವ್ವ ತುತ್ತು ಕೆಳಗಿಟ್ಟಳು.

"ಮಲಾ ಹೇ ಘರ್ ನಕೋ" ಎಂದಳು ಅವನಿಗೆ. ಮಗನ ಕಡೆ ತಿರುಗಿ, "ಪ್ರಭೂ, ನನಗ ಈ ಮನಿ ಬ್ಯಾಡ" ಎಂದಳು.

ಒಂದು ಗಳಿಗೆ ಎಲ್ಲರೂ ಸುಮ್ಮನಾದರು. ನೋಡಿ, ಆ ಒಂದು ಗಳಿಗೆಯಲ್ಲಿ ಆಕೆ ಪಾರಾಗಿಯೇಬಿಟ್ಟಿದ್ದಳು. ಆಮೇಲೆ ಅಮೇಯ ಹೊಟ್ಟೆ ಹಿಡಿದುಕೊಂಡು ನಕ್ಕ. "ನಾನು ಅವತ್ತು ಊಟಕ್ಕೆ ಕುಳಿತಾಗ ಹೀಗೇ ನಕೋ ನಕೋ ಅಂದಿದ್ದೆ. ಕಾಕೂ ಬಿಟ್ಟರಾ?" ಪೆಂಡಾಲಿಗೆ ಪೆಂಡಾಲೇ ನಕ್ಕಿತು. ನಿಜಲಿಂಗಪ್ಪನೂ ನಕ್ಕ.

"ನಮ್ಮವ್ವನ ಬ್ಯಾಡ ನನಗ ಗೊತ್ತಿಲ್ಲೇನು?" ಎನ್ನುತ್ತಾ ಬಸವಪ್ರಭು ತುಪ್ಪದ ಗಿಂಡಿ ಹಿಡಿದು ಬಂದ. ಅವನ ಕಣ್ಣುಗಳು ಒದ್ದೆಯಾಗಿದ್ದವು. ತಾಯಿ ತನಗೆಂದು ಏನನ್ನೂ ಒಪ್ಪಿಕೊಂಡವಳಲ್ಲ ಎಂಬುದೇ ಅವನ ಮನಸ್ಸಿನಲ್ಲಿದ್ದದ್ದು.

ಚನ್ನಬಸವ್ವ ಬಾಗಿ, ತಟ್ಟೆಯ ಮೇಲೆ ಎರಡೂ ಕೈ ಅಡ್ಡ ಹಿಡಿದಳು. ಬೆರಳಿಗೆ ಬೆರಳು ಒತ್ತಿ, ಗಾಳಿಯೂ ನುಸುಳದ ಹಾಗೆ.

"ಒಲ್ಲೆಪಾ. ಖರೇನ ಒಲ್ಲೆ."

"ಇದೊಂದು ನನ್ನ ಮಾತಿಗವ್ವಾ."

ಅವನು ಬೆರಳ ಸಂದಿಯಲ್ಲೇ ಸುರಿದ. ಬಿಸಿ ತುಪ್ಪ ಕೈ ಮೇಲಿಂದ ಇಳಿದು, ಹೋಳಿಗೆಯ ಮೇಲೆ ಹರಡಿ, ತಟ್ಟೆಯ ಅಂಚಿನವರೆಗೆ ತುಂಬಿತು. ಮಗ ಹೋಗದೆ ಅಲ್ಲೇ ನಿಂತು, ಆಕೆ ಬಾಯಿಗಿಡುವುದನ್ನು ಕಾಯುತ್ತಿದ್ದ. ಚನ್ನಬಸವ್ವ ಕೈ ತೆಗೆದಳು. ಬಡಿಸಿದ್ದನ್ನು ತಟ್ಟೆಯಲ್ಲಿ ಬಿಟ್ಟು ಏಳುವ ಹಾಗಿಲ್ಲ. ಆಕೆ ಉಂಡಳು.