ಹಳೇ ಟೈಮು ಎಂದದ್ದು ಸುಳ್ಳು

ನಂಜಪ್ಪ, ನಿನ್ನ ತಂಗಿ ಗೌರಿಯ ಮಗ ರೋಹಿಣಿ ನಕ್ಷತ್ರದಲ್ಲಿ ಹುಟ್ಟಿದವನಲ್ಲ. ಕೃತ್ತಿಕೆಯಲ್ಲಿ ಹುಟ್ಟಿದವನು. ಸೋದರಮಾವನಾದ ನಿನಗೆ ಅವನಿಂದ ಯಾವ ಕಂಟಕವೂ ಇರಲಿಲ್ಲ, ಈಗಲೂ ಇಲ್ಲ. ಇದು ನನಗೆ ಆರು ವರ್ಷದಿಂದ ಗೊತ್ತು — ಗೊತ್ತಿದ್ದೂ ಬಾಯಿ ಬಿಡಲಿಲ್ಲ.

ತಡಿ, ನಡುವೆ ಮಾತಾಡಬೇಡ, ಪೂರ್ತಿ ಓದಲು ಬಿಡು. ಬಾಯಲ್ಲಿ ಹೇಳಲು ಬಂದಾಗಲೆಲ್ಲ ರಾಗಿಯ ಮಾತು, ಮಳೆಯ ಮಾತು ಆಡಿ ಎದ್ದು ಹೋಗಿದ್ದೇನೆ. ಅದಕ್ಕೇ ಈಗ ಶಾಲೆಯಲ್ಲಿ ಕೂತು ಒಂದೇ ಉಸಿರಿಗೆ ಬರೆದುಕೊಂಡು ಓಡಿಬಂದೆ. ಇವತ್ತು ಬಿಡುವುದಿಲ್ಲ.

ಆ ದಿನ ನಿನಗೆ ನೆನಪಿದೆ, ಆದರೆ ನನ್ನ ಕಡೆಯಿಂದ ಕೇಳು. ಯುದ್ಧದ ಕಾಲ. ಸರ್ಕಾರ ದೇಶದ ಗಡಿಯಾರಗಳನ್ನೆಲ್ಲ ಒಂದು ಗಂಟೆ ಮುಂದಕ್ಕೆ ತಿರುಗಿಸಿಟ್ಟಿತ್ತು. ಕಚೇರಿಗೆ ಹೊಸ ಟೈಮು, ಪಂಚಾಂಗಕ್ಕೆ ಹಳೇ ಟೈಮು. ನಾನು ತಳಿ ಊರಿನ ಶಾಲೆಗೆ ಹೊಸ ಮೇಷ್ಟ್ರಾಗಿ ಹೊಸೂರಿನಿಂದ ಪೆಟ್ರೋಲಿನ ಬದಲು ಇದ್ದಿಲು ಉರಿಸಿ ಓಡುವ ಬಸ್ಸಿನಲ್ಲಿ ಬರುತ್ತಿದ್ದೆ. ಕೈಯಲ್ಲಿ ಕೃಷ್ಣಗಿರಿಯ ಮಾವ ಕೊಟ್ಟ ವಾಚು, ಕಟ್ಟಿ ಇನ್ನೂ ಒಂದು ವಾರವಾಗಿರಲಿಲ್ಲ. ಚಳಿಯಿದ್ದರೂ ಅಂಗಿಯ ತೋಳು ಮಡಚಿಕೊಂಡಿದ್ದೆ — ವಾಚು ಕಾಣಲಿ ಎಂದು! ಯಾರಾದರೂ ಟೈಮು ಕೇಳಿದರೆ ಸಾಕು, ಒಳಗೊಳಗೇ ಹಿಗ್ಗಿ ಹೀರೇಕಾಯಿಯಾಗುತ್ತಿದ್ದೆ.

ನಿಮ್ಮೂರ ಏರಿನಲ್ಲಿ ಬಸ್ಸು ನಿಂತಿತು. ಡ್ರೈವರು ಇಳಿದು ಬೆಂಕಿ ಕೆದಕುತ್ತಿದ್ದ. ಮೂರು ದಿನದಿಂದ ಮೋಡ ಕವಿದು ಸೂರ್ಯನ ಮುಖವೇ ಕಂಡಿರಲಿಲ್ಲ. ಆಗ ನೀನು ಓಡಿಬಂದೆ, ತಲೆಯ ವಸ್ತ್ರ ಬಿಚ್ಚಿ ಹೆಗಲಿಗೆ ಬಿದ್ದಿತ್ತು.

“ಸ್ವಾಮೀ, ಟೈಮೆಷ್ಟು? ಬಿರ್ನೆ ಯೋಳಿ! ನಮ್ ಗೌರಿಗೆ ಗಂಡುಮಗ ಆಯ್ತು! ನಾನು ಮಾವ ಆಗ್ಬುಟ್ಟೆ!”

ಬಸ್ಸಿನವರೆಲ್ಲ ನಕ್ಕರು. ನನಗೂ ಎಂಥ ಸಂಭ್ರಮ! ಶಾನುಭೋಗರ ಮನೆಯಲ್ಲಿ ಗೋಡೆ ಗಡಿಯಾರವಿದ್ದರೂ ನಿನ್ನ ತಾಯಿ ದಾರಿಹೋಕರನ್ನೇ ಕೇಳು ಎಂದಿದ್ದಳಂತೆ. ಊರಿನವರಾದರೆ ಒಳ್ಳೆಯ ಗಳಿಗೆ ಬರಲಿ ಎಂದೋ, ಬಾರದಿರಲಿ ಎಂದೋ ಹಿಂದುಮುಂದು ಹೇಳಿಯಾರು. ಗುರುತಿಲ್ಲದವನಿಗೆ ಸುಳ್ಳು ಹೇಳುವ ದರ್ದೇನು — ಇದು ಅವಳ ಲೆಕ್ಕ. ನನ್ನಂಥವನೂ ದಾರಿಯಲ್ಲಿ ಇರುತ್ತಾನೆಂದು ಆ ಮುದುಕಿಗೆ ಹೇಗೆ ಗೊತ್ತಾಗಬೇಕು!

“ಒಂಬತ್ತೂ ಇಪ್ಪತ್ತು” ಎಂದೆ.

“ಹಳೇ ಟೈಮಾ, ಹೊಸಾದಾ?”

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ತಡವರಿಸಿದರೆ ಮರ್ಯಾದೆ ಹೋಗುತ್ತದೆ ಎನಿಸಿತು. ನಿಜವಾಗಿ ನನಗೆ ನೆನಪಿರಲಿಲ್ಲ. “ಹಳೇದೇ” ಎಂದುಬಿಟ್ಟೆ. ನೀನು ನನ್ನ ಅಂಗೈಗೆ ಬೆಲ್ಲದ ಚೂರು ಒತ್ತಿ ಓಡಿದೆ.

ಬಸ್ಸು ಏರು ಹತ್ತುವಾಗ ನೆನಪಾಯಿತು — ಬೆಳಿಗ್ಗೆ ಹೊಸೂರಿನ ತಾಲ್ಲೂಕು ಕಚೇರಿಯ ಗಡಿಯಾರ ನೋಡಿ ನಾನೇ ವಾಚು ತಿರುಗಿಸಿದ್ದೆ. ಅದು ಹೊಸ ಟೈಮು. ಮಗು ಹುಟ್ಟಿದ್ದು ಎಂಟೂ ಇಪ್ಪತ್ತಕ್ಕೆ. ಬಾಯಲ್ಲಿ ಬೆಲ್ಲ ಇನ್ನೂ ಕರಗಿರಲಿಲ್ಲ. ನಿಲ್ಲಿಸಿ ಎಂದು ಕೂಗಬಹುದಿತ್ತು. ಒಂದು ಗಂಟೆಯಲ್ಲಿ ಏನು ಮುಳುಗಿಹೋಗುತ್ತದೆ ಎಂದು ಸುಮ್ಮನೆ ಕೂತೆ.

ಮುಳುಗಿತು. ಅಂದು ಹಳೇ ಟೈಮು ಒಂಬತ್ತಕ್ಕೆ ಕೃತ್ತಿಕೆ ಮುಗಿದು ರೋಹಿಣಿ ಹಿಡಿದಿತ್ತು. ರೋಹಿಣಿಯ ಗಂಡು ಮಾವನ ತಲೆಗೆ ಬರುತ್ತದೆ ಎಂದು ಜೋಯಿಸರು ಹೇಳಿದರು. ಹನ್ನೊಂದನೆಯ ದಿನ ಹಸಿ ಬಾಣಂತಿಯನ್ನು ಗಾಡಿಯಲ್ಲಿ ಕೂರಿಸಿ ಜವಳಗಿರಿ ಕಾಡಿನಾಚೆಯ ಗಂಡನ ಮನೆಗೆ ಕಳಿಸಿದಿರಿ. ನೀನು ಮಗುವಿನ ಮುಖ ನೋಡಲಿಲ್ಲ. ಗೌರಿ ಮತ್ತೆ ತವರಿಗೆ ಬರಲಿಲ್ಲ.

ಸುದ್ದಿ ಕೇಳಿ, ನಿಜ ಹೇಳಿಯೇ ತೀರುತ್ತೇನೆಂದು ನಾನು ನಿಮ್ಮೂರಿಗೆ ಬಂದೆ. ನೀನು ದೂರದಿಂದಲೇ ಗುರುತು ಹಿಡಿದು ಓಡಿಬಂದು ಜೊತೆಯವರಿಗೆ ಹೇಳಿದೆ: “ಇವ್ರೇ ಕಣ್ಲಾ ಟೈಮ್ ಯೋಳಿದ್ ಮೇಷ್ಟ್ರು! ಇವ್ರು ಸರ್ಯಾಗ್ ಯೋಳ್ದೇ ಇದ್ದಿದ್ರೆ ನಾನು ಇಷ್ಟೊತ್ಗೆ ಮಣ್ಣಾಗ್ತಿದ್ದೆ.”

ನಿನ್ನ ಜೀವ ಉಳಿಸಿದವನು ನಾನು! ಆ ಹೊಗಳಿಕೆ — ಥೂ — ನನಗೆ ಹಿತವಾಗಿತ್ತು. ಪ್ರತಿ ವರ್ಷ ನೀನು ಕಳಿಸಿದ ಅವರೆಕಾಯಿ ತಿಂದೆ. ಯುದ್ಧ ಮುಗಿದು ಸರ್ಕಾರ ತಾನು ತೆಗೆದುಕೊಂಡ ಗಂಟೆಯನ್ನು ವಾಪಸು ಕೊಟ್ಟಿತು. ಇಡೀ ತಳಿ ಅದೇ ಮಾತಾಡುತ್ತಿತ್ತು. ಆ ದಿನವಾದರೂ ಹೇಳಬಹುದಿತ್ತು. ವಾಚು ತಿರುಗಿಸಿಕೊಂಡೆ, ಅಷ್ಟೇ.

ಇವತ್ತು ನಿನ್ನ ತಾಯಿಯ ಹನ್ನೊಂದನೆಯ ದಿನದ ಕಾರ್ಯ. ಊಟಕ್ಕೆ ಬರುವಾಗ ನಿಮ್ಮ ಹೊಲದ ಬದುವಿನಾಚೆ ಗೌರಿಯನ್ನು ನೋಡಿದೆ. ಮಗನನ್ನು ಸೆರಗಿನೊಳಗೆ ಮುಚ್ಚಿಕೊಂಡು, ಇತ್ತ ಬೆನ್ನು ಮಾಡಿ ನಿಂತಿದ್ದಳು. ಆ ಹುಡುಗ ಸೆರಗು ಸರಿಸಲು ಒದ್ದಾಡುತ್ತಿದ್ದ.

“ಮಾವನ್ನ ಒಂದ್ಕಿತ ನೋಡ್ತೀನಮ್ಮಾ.”

“ಬ್ಯಾಡ ಕಣ್ಲಾ. ನಿನ್ ಕಣ್ಣು ಬಿದ್ರೆ ಅಣ್ಣಯ್ಯಂಗೆ ಏನಾದ್ರೂ ಆಗ್ಬುಡ್ತದೆ. ಅವ್ನು ಚೆನ್ನಾಗಿರ್ಲಿ.”

ತಾಯಿಯ ಕಾರ್ಯಕ್ಕೆ ಬಂದವಳು ತವರಿನ ಹೊಸ್ತಿಲು ತುಳಿಯದೆ, ದೂರದಿಂದಲೇ ಕೈಮುಗಿದು ಹೋದಳು ನಂಜಪ್ಪ, ನೀನು ಬದುಕಿರಲಿ ಎಂದು! ನನ್ನ ಒಂದು ಮಾತಿಗೆ ಆ ಮಗು ಆರು ವರ್ಷ ವಿಷದ ಹಾಗೆ ಬೆಳೆಯಿತು. ನಾನು ಎಲೆಯ ಮುಂದೆ ಕೂರಲಾಗದೆ ಎದ್ದು ಶಾಲೆಗೆ ಓಡಿದೆ.

ನಿನ್ನ ತಾಯಿಗೆ ಹೇಳುವ ಕಾಲ ಮೀರಿತು. ಆ ಪಾಪ ನನ್ನದೇ. ಕ್ಷಮಿಸು ಎನ್ನಲು ನನಗೆ ಮುಖವಿಲ್ಲ, ಎನ್ನುವುದೂ ಇಲ್ಲ.

ಇಷ್ಟೇ ಬರೆದದ್ದು. ಈಗ ಏಳು, ಗಾಡಿ ಕಟ್ಟು! ಆನೆಯ ಭಯಕ್ಕೆ ತಾಯಿ ಮಗ ದಾರಿಗೆ ಜೊತೆ ಸಿಗುವತನಕ ಜವಳಗಿರಿಯಲ್ಲಿ ಕಾದಿರುತ್ತಾರೆ, ಕಾಡು ಹೊಕ್ಕಿರುವುದಿಲ್ಲ. ಗೌರಿಗೂ ನಾನೇ ಹೇಳಬೇಕು, ನನ್ನನ್ನೂ ಹತ್ತಿಸಿಕೋ. ಹೊಡೆಯುವುದಿದ್ದರೆ ದಾರಿಯಲ್ಲಿ ಹೊಡೆ.