ಗೋಡೆಯ ಮೇಲೆ ಎದ್ದು ನಿಂತ ಮೇಷ್ಟ್ರು

ಬೆಳಿಗ್ಗೆ ಕಾರಿನ ಮೇಲಿನ ಹಿಮ ಕೆರೆದೆ. ಎರಡು ಲೋಡ್ ಬಟ್ಟೆ ಒಗೆದೆ, ದೋಸೆಗೆ ನೆನೆಹಾಕಿದೆ, ನಮ್ಮವರ ಅಂಗಿಗಳಿಗೆ ಇಸ್ತ್ರಿ ಮಾಡಿದೆ. ಆಗಲೇ ಒಂದು ಪ್ಲಾಸ್ಟಿಕ್ ಚೀಲ ಇಸ್ತ್ರಿಪೆಟ್ಟಿಗೆಗೆ ತಗಲಿ ಕರಗಿತು. ಕಿಟಕಿ ತೆರೆದರೂ ಹೋಗದ ಆ ವಾಸನೆಗೆ ಮೇಷ್ಟ್ರು ನೆನಪಾದರು...

ಎಪ್ಪತ್ತರ ದಶಕದ ಮೊದಲಲ್ಲಿ ನಾವು ಅಮೆರಿಕದ ಜರ್ಸಿ ಸಿಟಿಯಲ್ಲಿದ್ದಾಗ ಅವರು ಮೇಲಿನ ಮಹಡಿಯಲ್ಲಿದ್ದರು. ಧಾರವಾಡದ ಕಡೆಯವರು, ಕಾಲೇಜಿನಲ್ಲಿ ಫಿಲಾಸಫಿ ಪಾಠ. ಮನೆಯಲ್ಲಿ ಓದುತ್ತಿದ್ದದ್ದು ಮಾತ್ರ ಗುಂಡು, ಚೂರಿ, ರಕ್ತದ ಕಾಮಿಕ್ಸ್. ಹೆಣ ಬಿದ್ದಿರುವ ಚಿತ್ರದ ಮೇಲೆ ಬೆರಳಿಟ್ಟು, "ಇಂವಾ ಎಲ್ಲಿ ಸತ್ತಾನ್ರೀ? ಹಿಂದಿನ ಚೌಕದಾಗ ನೋಡ್ರಿ, ಇನ್ನೂ ಕಾಫಿ ಕುಡೀಲಿಕ್ಕತ್ತಾನ. ಕಾಲ ಎಲ್ಲೂ ಹೋಗಂಗಿಲ್ಲ, ಹೋಗೋದು ನಮ್ಮ ಕಣ್ಣು," ಎನ್ನುತ್ತಿದ್ದರು.

ಅವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. "ಹಂಗಾದ್ರ ನಿನ್ನಿ ಚಪಾತಿನೇ ಇವತ್ತೂ ತಿನ್ರಿ," ಎಂದು ಅವರು ಒಳಗಿನಿಂದಲೇ ಕುಟುಕುತ್ತಿದ್ದರು.

ಒಂದು ಭಾನುವಾರ ಮೇಷ್ಟ್ರು ಹೊಸ ಮೂವಿ ಕ್ಯಾಮೆರಾವನ್ನು ನಮ್ಮವರ ಕೈಗೆ ಕೊಟ್ಟರು. ಅಂಗಿಗೆ ಕೆಚಪ್ ಬಳಿದುಕೊಂಡು, ಅಕ್ಕನಿಗೆ ತರಕಾರಿ ಚಾಕು ಹಿಡಿಸಿ, "ಹೊಡೀ, ಜೋರ್ ಹೊಡೀ!" ಎಂದು ಬಾಗಿಲಲ್ಲೇ ಬಿದ್ದರು.

"ಬಿಡ್ತು ಅನ್ನಿ ಮೇಷ್ಟ್ರೇ! ಹೊಸ್ತಿಲ ಮೇಲೆ ಸಾಯೋದೇ?" ಎಂದೆ. ನಕ್ಕರು. ಬಿಡ್ತು ಅನ್ನಲಿಲ್ಲ. ಆಮೇಲೆ ಆ ರೀಲನ್ನು ಗೋಡೆಗೆ ಹಿಂದುಮುಂದಾಗಿ ಓಡಿಸಿ ತೋರಿಸಿದರು: ಹೆಣ ಎದ್ದು ನಿಂತಿತು, ಚಾಕು ಎದೆಯಿಂದ ದೂರ ಸರಿಯಿತು.

ಅದೇ ಚಳಿಗಾಲ, ಟ್ರೇನ್ ಇಳಿದು ಮನೆಗೆ ಬರುವಾಗ, ಆ ಕ್ಯಾಮೆರಾಕ್ಕಾಗಿ ಇಬ್ಬರು ಕಬ್ಬಿಣದ ಪೈಪಿನಿಂದ ಅವರ ತಲೆ ಜಜ್ಜಿದರು. ಗುರುತು ಹಿಡಿಯಲು ನಮ್ಮವರು ಹೋಗಬೇಕಾಯಿತು. ಮುಖ ಉಳಿದಿರಲಿಲ್ಲ, ಅಕ್ಕ ಹೆಣೆದ ಸ್ವೆಟರ್ ನೋಡಿ ಹೇಳಿದರು...

ಹದಿಮೂರನೆಯ ದಿನದ ಊಟ ಮುಗಿದ ಮೇಲೆ ಅಕ್ಕ ಕಿಟಕಿಯ ಪರದೆ ಎಳೆದು, ಆ ರೀಲು ಹಾಕಲು ನಮ್ಮವರಿಗೆ ಹೇಳಿದರು. "ಹಿಂದಕ್ಕ ತಿರುಗಸ್ರಿ." ಮೇಷ್ಟ್ರು ಎದ್ದರು, ನಕ್ಕರು. ಅಕ್ಕ ಥಟ್ಟನೆ ಹೋಗಿ ಪ್ರೊಜೆಕ್ಟರಿನ ಗುಂಡಿ ತಾವೇ ಒತ್ತಿ ನಿಲ್ಲಿಸಿದರು. "ಇಲ್ಲೇ ಇರ್ಲಿ ಇವರು. ಮುಂದ ಬ್ಯಾಡ."

ನಿಂತ ರೀಲು ದೀಪದ ಬಿಸಿ ತಾಳುವುದಿಲ್ಲವೆಂದು ನಮಗಾರಿಗೂ ಗೊತ್ತಿರಲಿಲ್ಲ. ಮೇಷ್ಟ್ರ ಎದೆಯಲ್ಲಿ ಕಂದು ಚುಕ್ಕೆ, ಆಮೇಲೆ ಗುಳ್ಳೆ. ಮುಖ ಕುದಿದು, ಮುದುಡಿ, ತೂತಾಯಿತು. ಕೋಣೆಯ ತುಂಬ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ, ಗೋಡೆಯ ಮೇಲೆ ಬರೀ ಬೆಳಕು. ಅಕ್ಕ ಆ ಬೆಳಕನ್ನು ಎರಡೂ ಮುಷ್ಟಿಯಿಂದ ಗುದ್ದಿದರು, ಗೆಣ್ಣು ಒಡೆದು ಗೋಡೆ ರಕ್ತವಾಗುವವರೆಗೆ. "ಮತ್ತ ನಾನೇ ಕೊಂದೆನಲ್ಲ!"

ಅಕ್ಕ ಧಾರವಾಡಕ್ಕೆ ಮರಳಿದರು. ಈಗ ಅವರೂ ಇಲ್ಲ. ಮೇಷ್ಟ್ರ ಒಂದು ಕಾಮಿಕ್ಸ್ ನನ್ನಲ್ಲಿ ಉಳಿದಿದೆ. ಸಂಜೆ ತೆಗೆದು ನೋಡಿದೆ. ಅವನು ಇನ್ನೂ ಕಾಫಿ ಕುಡಿಯುತ್ತಿದ್ದಾನೆ. ಪುಟ ಮಗುಚಲಿಲ್ಲ.

ರಾತ್ರಿ ತಿಳಿಸಾರು, ಅನ್ನ, ಸುಟ್ಟ ಹಪ್ಪಳ. "ಏನದು ವಾಸನೆ?" ಎಂದರು ನಮ್ಮವರು, ತುತ್ತು ಕೈಯಲ್ಲೇ ಹಿಡಿದು. "ಪ್ಲಾಸ್ಟಿಕ್ ಚೀಲ," ಎಂದೆ. ಅವರೇ ಮೊದಲು ಮಲಗಿದರು, ದೀಪ ಆರಿಸದೆ.